ಕಾಲಿನ ಗಂಟಿಗೆ ಕೊಟ್ಟ ಕರೆಂಟು

ಕಟಪಾಡಿ,
ಆಗಸ್ಟ್ ೧೯೮೬

ಲಿಗೋರಿ,

ಹೆಸರಿನ ಹಿಂದೆ ಏನನ್ನೂ ಸೇರಿಸಿಲ್ಲ. 'ಪ್ರೀತಿಯ' ಎಂದು ಬರೆಯಲು ಕಾರಣ ಉಳಿದಿಲ್ಲ, 'ಮಾನ್ಯರೇ' ಎನ್ನಲು ನೀನೇನು ತಹಶೀಲ್ದಾರನಲ್ಲ. ನಮ್ಮ ಮದುವೆ ನಡೆದಿದ್ದರೆ ಬದುಕಿಡೀ ನಿನ್ನನ್ನು ಬಹುವಚನದಲ್ಲಿ ಕರೆಯಬೇಕಿತ್ತು. ಅದು ನಡೆಯದೆ ಹೋದದ್ದರಿಂದ ನನಗೆ ದಕ್ಕಿದ ಲಾಭ ಈ ಏಕವಚನ ಒಂದೇ, ಅದನ್ನು ಬಿಟ್ಟುಕೊಡುವುದಿಲ್ಲ. ಕೊಂಕಣಿಯಲ್ಲಿ ಬರೆಯಬಹುದಿತ್ತು. ಆದರೆ ಕೊಂಕಣಿಯಲ್ಲಿ ಬರೆಯಲು ಕೂತರೆ ನನಗೆ ಅಳು ಬರುತ್ತದೆ. ಶಾಲೆಯಲ್ಲಿ ಕಲಿತ ಕನ್ನಡದಲ್ಲಾದರೆ ಸಿಟ್ಟು ನೆಟ್ಟಗೆ ನಿಲ್ಲುತ್ತದೆ.

ಲಕೋಟೆಯ ಹಿಂಬದಿಗೆ ನನ್ನ ಪೂರ್ತಿ ಹೆಸರು, ಹೊಲಿಗೆ ಕ್ಲಾಸಿನ ವಿಳಾಸ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಯಾರು ಬರೆದದ್ದೆಂದು ಕಾರ್ಕಳದ ಪೋಸ್ಟ್‌ಮ್ಯಾನ್ ಓದಲಿ. ನಿನ್ನ ಹಾರ್ಡ್‌ವೇರ್ ಅಂಗಡಿಗೆ ಮೊಳೆ ಕೊಳ್ಳಲು ಬಂದವರೂ ಬೇಕಾದರೆ ಓದಿಕೊಳ್ಳಲಿ.

ಕಳೆದ ಶನಿವಾರ ನಿನ್ನ ಹೆಂಡತಿ ಆನಿ ಇಲ್ಲಿಗೆ ಬಂದಿದ್ದಳು. ಕೈಯಲ್ಲಿ ಒಂದು ರವಿಕೆ ಬಟ್ಟೆ ಇತ್ತು. ಕಾರ್ಕಳದಲ್ಲಿ ದರ್ಜಿಗಳು ತೀರಿಹೋದರೇ ಎಂದು ನನಗೆ ಆಶ್ಚರ್ಯವಾಯಿತು. ನಾನು ಅವಳ ಭುಜಕ್ಕೆ ಟೇಪು ಹಿಡಿದು ಅಳತೆ ತೆಗೆದೆ. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ಟೀಚರ್, ನಿಮಗೆ ಮೊದಲು ಒಂದು ತೊಂದರೆ ಇತ್ತಂತೆ ಅಲ್ವಾ? ಪದೇ ಪದೇ ಒಂದಕ್ಕೆ ಹೋಗುವುದು, ತಡೆಯಲಿಕ್ಕೆ ಆಗದೇ ಇರುವುದು. ಈಗ ಕಮ್ಮಿ ಉಂಟಂತೆ. ಎಂತ ಮಾತ್ರೆ ತೆಗೊಂಡಿರಿ?" ಯಾರಿಗೆ ಎಂದು ಕೇಳಿದೆ. ಮಗಳಿಗೆ ಎಂದಳು. ಯಾರು ಕಳಿಸಿದ್ದು ಎಂದು ಕೇಳಿದೆ. "ಇವರೇ ಕಳಿಸಿದ್ದು. ಆದರೆ ಇವರು ಕಳಿಸಿದ್ದು ಅಂತ ಹೇಳಬಾರದಂತೆ" ಎಂದಳು ಪಾಪ. ಇಷ್ಟು ಸತ್ಯವಂತಳಾದ ಹೆಂಡತಿಯನ್ನು ಗುಟ್ಟಿನ ಕೆಲಸಕ್ಕೆ ಕಳಿಸಿದೆಯಲ್ಲ ಮಾರಾಯ, ನಿನ್ನ ಬುದ್ಧಿಗೆ ಏನೆನ್ನಲಿ!

ನಿನ್ನ ಮಗಳು ಝೀಟಾಳ ವಿಷಯವನ್ನೆಲ್ಲ ಆನಿ ನನಗೆ ಹೇಳಿದ್ದಾಳೆ. ಕ್ಲಾಸಿನಲ್ಲಿ ಒಂದು ಸಲ ಹೊರಗೆ ಬಿಟ್ಟ ಟೀಚರು ಎರಡನೇ ಸಲ ಬಿಡದಿದ್ದದ್ದು, ಸಮವಸ್ತ್ರ ಒದ್ದೆಯಾದದ್ದು, ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕದ್ದು. ಆಮೇಲೆ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದು ಬಿದ್ದದ್ದು. ನಿನ್ನ ತಾಯಿ ಸಿಸಿಲಿಯಾಬಾಯಿ ಸಂಜೆಯಾದೊಡನೆ ನೀರಿನ ಹೂಜಿಯನ್ನು ಎತ್ತಿಡುವುದು. ಮತ್ತು ಈ ಪರೀಕ್ಷೆ ಮುಗಿದೊಡನೆ ಅವಳನ್ನು ಶಾಲೆಯಿಂದಲೇ ಬಿಡಿಸುವುದೆಂದು ನೀವೆಲ್ಲ ಸೇರಿ ಮಾಡಿರುವ ತೀರ್ಮಾನ.

ನಾನು ಆನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನಗೆ ಗುಣವಾದದ್ದು ಮಾತ್ರೆಯಿಂದಲ್ಲ. ಮಣಿಪಾಲದಲ್ಲಿ ಕಾಲಿನ ಗಂಟಿಗೆ ಸಣ್ಣದಾಗಿ ಕರೆಂಟು ಕೊಟ್ಟರು. ಮಗುವನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ಆದರೆ ಅಲ್ಲಿ ತಂದೆಯ ಒಪ್ಪಿಗೆ ಕೇಳುತ್ತಾರೆ ಎಂದೂ ತಿಳಿಸಿದೆ. ಮೊನ್ನೆ ಗುರುವಾರ ರವಿಕೆ ಒಯ್ಯಲು ಬಂದವಳು ನಿನ್ನ ಉತ್ತರ ತಂದಳು. "ಕರೆಂಟಾ? ತಲೆ ಕೆಟ್ಟವರಿಗೆ ಕೊಡುವುದು ಅದು. ಹುಡುಗಿಗೆ ಕರೆಂಟ್ ಕೊಡಿಸಿದರು ಅಂತ ಊರಿಗೆ ಗೊತ್ತಾದರೆ ನಾಳೆ ಅವಳನ್ನು ಯಾರು ಮದುವೆಯಾಗ್ತಾರೆ?" ನಿನ್ನ ಮಾತಲ್ಲವೇ ಇದು? ಹಾಗಾದರೆ ಈ ಪತ್ರವನ್ನು ನಿಂತುಕೊಂಡು ಓದಬೇಡ, ಕೂತುಕೋ. ಯಾರು ಮದುವೆಯಾಗುತ್ತಾರೆ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಸಾಕಷ್ಟು ಅನುಭವವುಂಟು.

ನನ್ನ ರೋಸಿನ ಶಾಸ್ತ್ರದ ದಿನ ನೀನು ಉದ್ಯಾವರದ ನಮ್ಮ ಮನೆಯಲ್ಲಿರಲಿಲ್ಲ, ಯಾರೋ ಹೇಳಿದ್ದನ್ನು ಕೇಳಿದವನು. ಈಗ ನನ್ನ ಬಾಯಿಂದ ಕೇಳು. ಮದುವೆಯ ಹಿಂದಿನ ದಿನ, ೧೯೭೦ರ ಜನವರಿ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಬಂಧುಬಳಗದವರೆಲ್ಲ ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚುವಾಗ ಅದೆಷ್ಟು ಹೊತ್ತು ಹಿಡಿಯುತ್ತದೆಂದು ನಿನಗೂ ಗೊತ್ತು, ನಿನಗೂ ನಿನ್ನ ಮನೆಯಲ್ಲಿ ಹಚ್ಚಿದ್ದಾರೆ. ನನ್ನ ತೊಂದರೆ ಅಮ್ಮನಿಗೆ ಗೊತ್ತಿತ್ತು. ಹಾಗಾಗಿ ಹಿಂದಿನ ದಿನದಿಂದಲೇ ನನಗೆ ನೀರು ಕೊಡಲಿಲ್ಲ, ಗಂಜಿಯ ತಿಳಿಯನ್ನೂ ಬಸಿದು ಕೊಟ್ಟಳು. "ಕೊಡದಲ್ಲಿ ನೀರಿಲ್ಲದಿದ್ದರೆ ಎಂತ ಸೋರ್ತದೆ?" ಎನ್ನುವುದು ಅವಳ ಲೆಕ್ಕ. ನೀರು ಕಡಿಮೆಯಾದಷ್ಟೂ ಮೂತ್ರ ಖಾರವಾಗುತ್ತದೆ, ಚೀಲ ಇನ್ನಷ್ಟು ಕೆರಳುತ್ತದೆ ಎಂದು ನನಗೆ ಮಣಿಪಾಲದಲ್ಲಿ ಹೇಳುವಾಗ ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳು ಪ್ರೀತಿಯಿಂದಲೇ ತಪ್ಪು ಮಾಡಿದಳು. ನಿನ್ನ ಮನೆಯಲ್ಲಿ ಈಗ ಅದೇ ತಪ್ಪು ನಡೆಯುತ್ತಿದೆ.

ಹೆಂಗಸರು ಮದುವೆಯ ಹಾಡು ವೊವಿಯೊ ಹಾಡುತ್ತಿದ್ದರು. ತಣ್ಣನೆಯ ಹಾಲು ತಲೆಯಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಇಳಿಯುತ್ತಿತ್ತು. ನಾನು ಹಲ್ಲು ಕಚ್ಚಿ ಕೂತಿದ್ದೆ. ಏಳಲು ಹೋದಾಗ ಮರುದಿನ ಇಗರ್ಜಿಯಲ್ಲಿ ಮದುಮಗಳ ಜೊತೆ ನಿಲ್ಲಬೇಕಾಗಿದ್ದ ನನ್ನ ಚಿಕ್ಕಮ್ಮ ಭುಜ ಒತ್ತಿ, "ಮಧ್ಯದಲ್ಲಿ ಎದ್ದರೆ ಅಪಶಕುನ, ಕೂತ್ಕೋ" ಎಂದಳು. ಕೂತೆ. ಆಮೇಲೆ ಶಕುನ ಅಪಶಕುನ ಎಲ್ಲ ಬಿಟ್ಟು ಎದ್ದು ಚಪ್ಪರ ದಾಟಿ ಓಡಿದೆ. ಬಚ್ಚಲು ಸಿಗುವುದರೊಳಗೆ ಎಲ್ಲ ಮುಗಿದುಹೋಯಿತು. ಮೈಯೆಲ್ಲ ತೆಂಗಿನ ಹಾಲು ಸುರಿಯುತ್ತಿದ್ದದ್ದರಿಂದ ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ನಮ್ಮ ಪಕ್ಕದ ಮನೆಗೆ ಮದುವೆಯಾಗಿ ಬಂದಿದ್ದ ನಿನ್ನ ಸಣ್ಣ ಚಿಕ್ಕಮ್ಮ ಹಾಲಿನ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು.

ಮರುದಿನ ಬೆಳಿಗ್ಗೆ ನಾನು ಬಿಳಿ ಸೀರೆ ಉಟ್ಟು ಇಗರ್ಜಿಗೆ ಹೊರಡುವ ಹೊತ್ತಿಗೆ ನೀನು ನಿನ್ನ ಸೋದರಮಾವನ ಜೊತೆ ನಮ್ಮ ಜಗಲಿಗೆ ಬಂದೆ. ಕೂರು ಎಂದರೂ ಕೂರಲಿಲ್ಲ. ಆ ಮಾತುಗಳು ನಿನಗೆ ಮರೆತಿರಬಹುದು, ನನಗೆ ಒಂದಕ್ಷರವೂ ಮರೆತಿಲ್ಲ. "ಮದುವೆ ಒಂದು ತಿಂಗಳು ಮುಂದೆ ಹಾಕುವ. ಡಾಕ್ಟರರ ಸರ್ಟಿಫಿಕೇಟ್ ಬರಲಿ. ನಮ್ಮ ಕುಟುಂಬದಲ್ಲಿ ಇಂಥದ್ದೆಲ್ಲ ಇಲ್ಲ, ಅಮ್ಮ ಹೆದರಿದ್ದಾರೆ." ನನ್ನ ಅಪ್ಪ ಜೋಕಿಮ್, "ಅಡುಗೆ ಆಗಿದೆ, ಊಟ ಮಾಡಿಕೊಂಡು ಹೋಗಿ" ಎಂದರು. ನೀನು ತಲೆ ತಗ್ಗಿಸಿ ಹೊರಟೆ. ನಿನ್ನ ಮಾವ ನಿಜಕ್ಕೂ ಕೂತು ಉಂಡು, ಹಂದಿ ಸಾರಿಗೆ ಉಪ್ಪು ಸ್ವಲ್ಪ ಮುಂದಾಯಿತೆಂದು ಹೇಳಿ ಹೋದರು.

ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ.

ಆದ್ದರಿಂದ ಆನಿ ಹೊರಟುಹೋದ ಮೇಲೆ ನಾನು ಬಾಗಿಲು ಹಾಕಿ ನಕ್ಕೆ ಎಂದರೆ ನೀನು ನನ್ನನ್ನು ದೂರುವಂತಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ ಎನ್ನುವ ಗಾದೆ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಹಾಗೆಯೇ ನುಂಗಿದೆ. ಈ ತಟ್ಟೆಯಲ್ಲಿರುವುದು ಹೆಗ್ಗಣವಲ್ಲ, ಬಾಯಾರಿದರೂ ನೀರಿಗೆ ಹೆದರುವ ಹದಿಮೂರು ವರ್ಷದ ಮಗು. ಆ ಭಯದ ರುಚಿ ನನಗೆ ಗೊತ್ತು. ನೀನು ಬೊಂಬಾಯಿಯಲ್ಲಿದ್ದಾಗ, ಮದುವೆಯಾದಾಗ, ಊರಿಗೆ ಬಂದು ಅಂಗಡಿ ಹಾಕಿದಾಗ, ಅಷ್ಟೂ ಕಾಲ ನಾನು ಅದರೊಡನೆ ಸಂಸಾರ ಮಾಡಿದ್ದೇನೆ. ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟು, ಇಗರ್ಜಿಯಲ್ಲಿ ಹಿಂದಿನ ಬೆಂಚು. ಕಾಪುವಿನಿಂದ ಉಡುಪಿಯವರೆಗೆ ಯಾವ ಹೋಟೆಲಿನ ಹಿತ್ತಿಲಲ್ಲಿ ಬಾಗಿಲಿರುವ ಪಾಯಿಖಾನೆ ಉಂಟೆಂದು ಬಸ್ಸಿನ ಕಂಡಕ್ಟರಿಗಿಂತ ನನಗೇ ಹೆಚ್ಚು ಗೊತ್ತಿತ್ತು. ನನ್ನ ಬಳಿ ಹೊಲಿಗೆ ಕಲಿತ ಹುಡುಗಿಯರು ಡಿಪ್ಲೊಮಾ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತಂದು ನನ್ನ ಕಾಲಿಗೆ ಬೀಳುತ್ತಿದ್ದರು. ಮೂರು ತಾಸು ಪರೀಕ್ಷೆಯ ಹಾಲಿನಲ್ಲಿ ಕೂರಲಾಗದೆ ನಾನೇ ಆ ಪರೀಕ್ಷೆ ಕಟ್ಟಿರಲಿಲ್ಲ.

ಆ ಸಂಕಟದಿಂದಲೇ ಎರಡು ವರ್ಷದ ಹಿಂದೆ ಮಣಿಪಾಲಕ್ಕೆ ಹೋದದ್ದು. ಡಾಕ್ಟರರು ಎಲ್ಲ ಪರೀಕ್ಷೆ ಮಾಡಿ ಕಲ್ಲಿಲ್ಲ, ಸೋಂಕಿಲ್ಲ, ಗರ್ಭಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಮೂತ್ರಚೀಲ ತುಂಬುವ ಮೊದಲೇ ಅವಸರ ಮಾಡುತ್ತದೆ, ಅಷ್ಟೇ. ನೀನು ಕೇಳಿದ ಮಾತ್ರೆಯನ್ನು ಮೊದಲು ಅವರೂ ಕೊಟ್ಟರು. ಅದನ್ನು ನುಂಗಿದರೆ ನನಗೆ ನಾಲಿಗೆ ಮರದ ಚಕ್ಕೆಯಾಗುತ್ತಿತ್ತು, ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಹೊಲಿಗೆಯವಳು ಸೂಜಿ ಕಾಣದೆ ಏನು ಮಾಡಬೇಕು? ಹಾಗೆಂದು ಜಗಳ ತೆಗೆದಾಗ ಅವರು ಹೇಳಿದರು: "ಹೊರದೇಶದಲ್ಲಿ ಹೊಸದೊಂದು ವಿಧಾನ ಮಾಡಿ ನೋಡಿದ್ದಾರೆ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಆಗಬಹುದು, ಆಗದೆಯೂ ಇರಬಹುದು. ನೋಡುವ?" ನೋಡುವ ಎಂದೆ. ಕಳೆದುಕೊಳ್ಳಲು ನನ್ನ ಬಳಿ ಏನಿತ್ತು?

ಆ ಚಿಕಿತ್ಸೆ ಕೊಟ್ಟವಳು ಕಾಪುವಿನ ಶರೀಫಾ. ಬೆನ್ನುನೋವಿನವರಿಗೆ ವ್ಯಾಯಾಮ, ಶಾಖ ಕೊಡುವ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿ. ಯಂತ್ರವೆಂದರೆ ರೇಡಿಯೋಕ್ಕಿಂತ ಚಿಕ್ಕ ಪೆಟ್ಟಿಗೆ, ಒಂದು ತಿರುಗಣೆ, ಎರಡು ವಯರು, ಎರಡು ರಬ್ಬರು ಪಟ್ಟಿ. ಪಟ್ಟಿಗೆ ಅಂಟಿನಂಥದ್ದೇನೋ ಸವರಿ ಒಂದನ್ನು ಪಾದದ ಮೇಲೆ ಕಾಲಿನ ಒಳಬದಿಗಿರುವ ಗಂಟಿನ ಹಿಂದೆ, ಇನ್ನೊಂದನ್ನು ಅದರ ಸ್ವಲ್ಪ ಮೇಲೆ ಅಂಟಿಸಿದಳು. ತೊಂದರೆ ಇರುವುದು ಹೊಟ್ಟೆಯ ಕೆಳಗೆ, ನೀನು ಕಾಲು ಹಿಡಿದುಕೊಂಡಿದ್ದೀಯಲ್ಲ ಎಂದೆ. ಅವಳು ನಕ್ಕು, "ಅಕ್ಕಾ, ಇಲ್ಲಿಯ ನರ ಮೇಲೆ ಬೆನ್ನಿನವರೆಗೆ ಹೋಗ್ತದೆ. ಮೂತ್ರಚೀಲದ ನರ ಬಂದು ಸೇರುವುದೂ ಅಲ್ಲಿಯೇ. ಈ ಬಾಗಿಲು ತಟ್ಟಿದರೆ ಒಳಗಿನವರಿಗೆ ಕೇಳ್ತದೆ" ಎಂದಳು. ತಿರುಗಣೆ ತಿರುಗಿಸಿದಾಗ ಇರುವೆ ಹರಿದ ಹಾಗಾಯಿತು, ಕಾಲಿನ ಹೆಬ್ಬೆರಳು ತಾನಾಗಿಯೇ ಕುಣಿಯಿತು. ಅಷ್ಟೇ ಲಿಗೋರಿ. ನೀನು ಹೆದರಿ ಸಾಯುತ್ತಿರುವ ಕರೆಂಟು ಅಷ್ಟೇ. ಅರ್ಧ ಗಂಟೆ ಕೂತು ಎದ್ದು ಬರುವುದು, ವಾರಕ್ಕೆರಡು ಸಲ. ಜಾಗ ತಪ್ಪಬಾರದೆಂದು ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗಂಟಿನ ಬಳಿ ಗೆರೆ ಎಳೆದುಕೊಂಡೇ ಹೋಗುತ್ತಿದ್ದೆ. ಶರೀಫಾಳಿಗೆ ಅದನ್ನು ನೋಡಿದರೆ ನಗು.

ಮೊದಲ ಕೆಲವು ವಾರ ಏನೂ ಆಗಲಿಲ್ಲ. ಬಿಟ್ಟುಬಿಡುತ್ತೇನೆ ಎಂದು ಸಿಟ್ಟು ಮಾಡಿದೆ. ಶರೀಫಾ ಬೈದು ಕೂರಿಸಿದಳು. ನೀರು ಸರಿಯಾಗಿ ಕುಡಿಯಬೇಕು, ಹೊತ್ತು ನೋಡಿಕೊಂಡು ಹೋಗಬೇಕು, ಅವಸರವಾದಾಗ ಓಡದೆ ನಿಂತು ಉಸಿರು ಬಿಡಬೇಕು ಎಂದೂ ಕಲಿಸಿದಳು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ನಿಲ್ದಾಣದ ಹಿಂದಕ್ಕೆ ಓಡುವುದು ನನ್ನ ವಾಡಿಕೆ. ಒಂದು ದಿನ ಓಡುವುದು ಮರೆತೇಹೋಯಿತು. ನೆನಪಾದಾಗ ಬಸ್ಸು ಉದ್ಯಾವರದ ಸೇತುವೆಯ ಮೇಲಿತ್ತು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು, "ಬಾಯಮ್ಮ, ಯಾಕೆ ಅಳುವುದು?" ಎಂದು ಕೇಳಿದಳು. ನಾನು ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಪೂರ್ತಿ ಗುಣವಾಯಿತೆಂದು ನಿನಗೆ ಸುಳ್ಳು ಬರೆಯುವುದಿಲ್ಲ. ಮೊದಲು ಅದು ಆಜ್ಞೆ ಮಾಡುತ್ತಿತ್ತು, ಈಗ ಕೇಳುತ್ತದೆ. ಸ್ವಲ್ಪ ತಾಳು ಎಂದರೆ ಹೆಚ್ಚಿನ ಸಲ ತಾಳುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆಂದು ಡಾಕ್ಟರರು ಯಾವತ್ತೂ ಹೇಳಲಿಲ್ಲ. ಝೀಟಾಳನ್ನು ಮೊದಲು ಪರೀಕ್ಷೆ ಮಾಡುತ್ತಾರೆ, ಅವಳಿಗೆ ಬೇರೇನಾದರೂ ಬೇಕೆಂದರೆ ಅದನ್ನು ಕೊಡುತ್ತಾರೆ. ಆದರೆ ನೋಡದೆಯೇ ಬೇಡವೆನ್ನುವ ಹಕ್ಕು ನಿನಗಿಲ್ಲ.

ಇನ್ನು ಊರ ಬಾಯಿ. ನೀನು ಹೇಳಿದ್ದು ಸುಳ್ಳಲ್ಲ, ಹಬ್ಬಿತು. "ಅಪೊಲೋನಿಯಾಳಿಗೆ ಮಣಿಪಾಲದಲ್ಲಿ ಕರೆಂಟ್ ಕೊಡ್ತಾರಂತೆ, ತಲೆ ಸರಿಯಿಲ್ಲವಂತೆ" ಎಂದು ಕಟಪಾಡಿಯ ಜಂಕ್ಷನ್ನಿನಲ್ಲಿ ಆಡಿಕೊಂಡರು. ಕೆಲವು ತಾಯಂದಿರು ಮಕ್ಕಳನ್ನು ಹೊಲಿಗೆ ಕ್ಲಾಸಿಗೆ ಕಳಿಸುವುದನ್ನು ನಿಲ್ಲಿಸಿದರು. ನಾನು ಏನು ಮಾಡಿದೆ ಗೊತ್ತೇ? ಉಳಿದ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆದು, ಕತ್ತರಿಸುವ ಮೇಜಿನ ಮೇಲೆ ಕಾಲಿಟ್ಟು, ಸೀರೆಯನ್ನು ಗಂಟಿನವರೆಗೆ ಎತ್ತಿ ಸೀಮೆಸುಣ್ಣದ ಗೆರೆ ತೋರಿಸಿದೆ. ಕರೆಂಟು ಕೊಡುವುದು ಇಲ್ಲಿಗೆ, ತಲೆಗಲ್ಲ. ಕಾರಣ ಉಚ್ಚೆ ತಡೆಯಲಾಗದ ತೊಂದರೆ. ಹೌದು, ಉಚ್ಚೆ. ಎಲ್ಲರಿಗೂ ಬರುವಂಥದ್ದು, ನನಗೆ ಬೇಗ ಬರುತ್ತದೆ ಎಂದೆ. ಯಾರೂ ಸಾಯಲಿಲ್ಲ. ನಗಲು ಬಂದವರು ನಗುವುದನ್ನು ಮರೆತರು. ಆಮೇಲೆ ಹಿತ್ತಿಲ ಬಾಗಿಲಿನಿಂದ ಒಬ್ಬೊಬ್ಬರೇ ಬರತೊಡಗಿದರು. ಮೂರು ಮಕ್ಕಳನ್ನು ಹೆತ್ತವರು, ಅಜ್ಜಿಯಂದಿರು, ಒಬ್ಬಳು ಹೊಸ ಮದುಮಗಳು. ಎಲ್ಲರೂ ತಾನೊಬ್ಬಳೇ ಎಂದುಕೊಂಡಿದ್ದವರು. ನಾನೂ ಅಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆನಲ್ಲ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಳೆದ ವರ್ಷ ಉಡುಪಿಯಲ್ಲಿ ಆ ಹೊಲಿಗೆ ಡಿಪ್ಲೊಮಾ ಪರೀಕ್ಷೆ ಬರೆದೆ. ನನ್ನ ಅರ್ಧ ವಯಸ್ಸಿನವರ ನಡುವೆ ಕೂತು, ಮಧ್ಯದಲ್ಲಿ ಒಂದು ಸಲ ಎದ್ದು ನಿಂತು ಹೊರಗೆ ಹೋಗಬೇಕೆಂದೆ. "ಈಗಲೇ ಹೋಗಲೇಬೇಕಾ?" ಎಂದರು ಪರೀಕ್ಷಕರು. "ಹೋಗಲೇಬೇಕು ಸರ್. ಬಂದು ಕಾಲರ್ ಮುಗಿಸ್ತೇನೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದೆ. ಬಂದು ಮುಗಿಸಿದೆ. ಪಾಸಾದೆ.

ಈಗ ಒಂದು ಮಾತು ಉಳಿದಿದೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವವಳೂ ಅಲ್ಲ. ಗುರುವಾರ ರವಿಕೆ ಮಡಚಿ ಕೊಡುವಾಗ ಆನಿ ಮೆಲ್ಲನೆ ಹೇಳಿದಳು: "ಟೀಚರ್, ನಮ್ಮ ಅತ್ತೆಗೂ ಉಂಟು. ಮೊದಲಿನಿಂದಲೂ ಉಂಟಂತೆ. ಬಟ್ಟೆ ಒಗೆಯುವವಳು ನಾನಲ್ವಾ, ನನಗೆ ಗೊತ್ತಾಗುವುದಿಲ್ವಾ?" ಆಗ ನನಗೆ ಹಳೆಯದೊಂದು ನೆನಪಾಯಿತು. ೧೯೬೯ರಲ್ಲಿ ಸಂಬಂಧದ ಮಾತಿಗೆ ನಮ್ಮ ಮನೆಗೆ ಬಂದಿದ್ದಾಗ ನಿನ್ನ ತಾಯಿ ಬಾವಿ ನೋಡುತ್ತೇನೆಂದು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ದೊಣ್ಣೆಮೆಣಸಿನ ಗಿಡ ನೋಡುತ್ತೇನೆಂದು ಮತ್ತೆ ಹೋದರು. ಎಷ್ಟು ಜಾಗರೂಕತೆಯಿಂದ ಮನೆ ಪರೀಕ್ಷೆ ಮಾಡುತ್ತಾರಪ್ಪಾ ಎಂದು ಅಮ್ಮ ಹೆದರಿದ್ದಳು. ಲಿಗೋರಿ, ನನ್ನನ್ನು ಬೇಡವೆಂದ ಹೆಂಗಸು ನನ್ನ ರೋಗವನ್ನು ಅಸಹ್ಯಪಟ್ಟವರಲ್ಲ, ಚೆನ್ನಾಗಿ ಗುರುತು ಹಿಡಿದವರು. ತಾನು ಬದುಕಿಡೀ ಬಚ್ಚಿಟ್ಟದ್ದನ್ನು ನಾನು ಚಪ್ಪರದ ನಡುವೆ ಎಲ್ಲರೆದುರು ಮಾಡಿಬಿಟ್ಟೆ, ಅದಕ್ಕೇ ಹೆದರಿದರು. ಇಷ್ಟು ವರ್ಷ ಅವರ ಮೇಲೆ ನಾನು ಸಾಕಿದ ಸಿಟ್ಟು ಗುರುವಾರ ಸಂಜೆ ಎಲ್ಲಿಗೋ ಹೋಯಿತು. ನಿನ್ನ ಮೇಲಿನದು ಹೋಗಿಲ್ಲ. ನಿನಗೆ ಅಂಥ ನೆವವೂ ಇಲ್ಲ.

ಬರುವ ಮಂಗಳವಾರ ಬೆಳಿಗ್ಗೆ ನಾನು ಮಣಿಪಾಲದ ಬಸ್ ನಿಲ್ದಾಣದಲ್ಲಿರುತ್ತೇನೆ. ಆನಿಯನ್ನು ಒಬ್ಬಳೇ ಕಳಿಸಬೇಡ, ನೀನು ಬಾ. ಎಕ್ಸ್‌ಪ್ರೆಸ್ ಹತ್ತಬೇಡಿ, ಕೇಳಿದಲ್ಲಿ ನಿಲ್ಲಿಸುವ ಬಸ್ಸು ಹತ್ತಿ. ಹಿರಿಯಡ್ಕದಲ್ಲಿ ಹುಡುಗಿ ಇಳಿಯಬೇಕೆಂದರೆ ಮುಖ ಸಿಂಡರಿಸದೆ ಇಳಿದು ಮುಂದಿನ ಬಸ್ಸಿಗೆ ಬನ್ನಿ, ನಾನು ಕಾಯುತ್ತೇನೆ. ನೀನು ಬಾರದಿದ್ದರೆ ಬುಧವಾರ ನಾನೇ ಕಾರ್ಕಳಕ್ಕೆ ಬಂದು ನಿನ್ನ ಅಂಗಡಿಯ ಎದುರು ನಿಲ್ಲುತ್ತೇನೆ. ಮಗುವಿನ ಹೆಸರನ್ನಾಗಲಿ ನಿನ್ನ ತಾಯಿಯ ಹೆಸರನ್ನಾಗಲಿ ಎತ್ತುವುದಿಲ್ಲ. ನನ್ನ ರೋಸಿನ ಕತೆಯನ್ನು ಮಾತ್ರ, ಉಂಡು ಹೋದ ನಿನ್ನ ಮಾವನ ಸಮೇತ, ಗಿರಾಕಿಗಳಿಗೆಲ್ಲ ಹೇಳುತ್ತೇನೆ. ಮರ್ಯಾದೆಯ ಹೆದರಿಕೆ ನನಗೆ ತೋರಿಸಬೇಡ. ನನ್ನದು ೧೯೭೦ರಲ್ಲೇ ಹೋಗಿ, ಹೋದರೂ ಏನೂ ಆಗುವುದಿಲ್ಲವೆಂದು ಕಲಿತುಕೊಂಡು ತಾನಾಗಿಯೇ ವಾಪಸ್ಸು ಬಂದಿದೆ.

ಇನ್ನೊಂದು. ಬಸ್ಸಿನಲ್ಲಿ ಬಾಗಿಲ ಬಳಿ ಝೀಟಾಳ ಪಕ್ಕದ ಸೀಟನ್ನು ನಿನ್ನ ತಾಯಿಗೆ ಹಿಡಿ. ಬರುವುದಿಲ್ಲ ಎನ್ನುತ್ತಾರೆ. ಈ ಪತ್ರವನ್ನು ಅವರಿಗೆ ಓದಿ ಹೇಳು, ಆಮೇಲೆ ಬರುತ್ತಾರಾ ನೋಡು. ಮೊಮ್ಮಗಳಿಗೆ ತಾನೊಬ್ಬಳೇ ಅಲ್ಲವೆಂದು ಹೇಳಬೇಕಾದವರು ಡಾಕ್ಟರರಲ್ಲ, ನಾನೂ ಅಲ್ಲ, ಅವರು.

ದೇವರು ನಿನಗೆ ಮಂಗಳವಾರದ ಮಟ್ಟಿಗಾದರೂ ಧೈರ್ಯ ಕೊಡಲಿ. ಸಿಸಿಲಿಯಾಬಾಯಿಯನ್ನು ಕ್ಷಮಿಸಿದ್ದೇನೆಂದು ತಿಳಿಸು. ನಿನ್ನ ವಿಷಯವನ್ನು ಬಸ್ ನಿಲ್ದಾಣದಲ್ಲಿ ನೋಡುತ್ತೇನೆ. ಝೀಟಾಳಿಗೆ ನನ್ನ ಆಶೀರ್ವಾದ: ಮಗಳೇ, ಬಾಯಾರಿದರೆ ನೀರು ಕುಡಿ, ಹೊಟ್ಟೆ ತುಂಬ ಕುಡಿ.

ಹೀಗೆಂದು ತನ್ನ ಕೈಯಾರೆ ಬರೆದವಳು,
ಅಪೊಲೋನಿಯಾ
ಹೊಲಿಗೆ ಟೀಚರ್, ಕಟಪಾಡಿ